ನೋಟಗಾರನ ಬಂಡೆ

"ಈ ಸೊಪ್ಪನ್ನ ಹಸಿಯಾಗಿ ತಿನ್ನಬೇಡಿ. ಒಂದು ಕುದಿ ಬರಿಸಿ, ಆ ನೀರು ಚೆಲ್ಲಿ, ಆಮೇಲೆ..." ಎನ್ನುತ್ತಿದ್ದ ವಿಲ್ಮಾ ಮಾತು ಅರ್ಧಕ್ಕೇ ನಿಲ್ಲಿಸಿದಳು. ಈ ನೆಲದ ಮೂಲನಿವಾಸಿಗಳಾದ ನಮ್ಮ ಕೂರಿ ಜನ ಈ ಕಡಲತೀರದಲ್ಲಿ ಏನೇನು ತಿಂದು ಬದುಕಿದರು ಎಂದು ತಿಳಿಯಲು ಸಿಡ್ನಿಯಿಂದ ಬಂದು ಅವಳ ಹಿಂದೆ ಗುಡ್ಡ ಹತ್ತುತ್ತಿದ್ದ ಒಂಬತ್ತು ಮಂದಿಯೂ ನಿಂತರು. ತೆರೆಗಳಾಚೆ ನೀರಿನ ಮೇಲೆ ಕಪ್ಪು ನೆರಳೊಂದು ತೆವಳುತ್ತಿತ್ತು. ಆಕಾಶದಲ್ಲಿ ಮಾತ್ರ ಮೋಡದ ಚೂರೂ ಇಲ್ಲ. ಇಲ್ಲಿ ಚಳಿ ಶುರುವಾಗುವ ಏಪ್ರಿಲ್ ತಿಂಗಳ ಮೊದಲ ಚಳಿಗಾಳಿಗೆ ಅಳಿವೆಯಿಂದ ಹೊರಬಿದ್ದು ಬಡಗಣಕ್ಕೆ ಹೊರಟ ಮಲ್ಲೆಟ್ ಮೀನಿನ ದಂಡು ಅದು.

ಹತ್ತು ಮಾರು ಕೆಳಗೆ, ತನ್ನ ಬಂಡೆಯ ಮೇಲೆ ಪರ್ಸಿ ಮಾವ ಕೂತಿದ್ದ. ವಿಲ್ಮಾಳ ತಾಯಿಯ ಅಣ್ಣ, ವಯಸ್ಸು ಎಪ್ಪತ್ತೆಂಟು. ನಲವತ್ತು ವರ್ಷದಿಂದ ಈ ತೀರಕ್ಕೆ ಅವನೇ ನೋಟಗಾರ. ಮೀನು ಕಂಡು ಅವನು ಬಲಗೈ ಎತ್ತಿದರೆ ಕೆಳಗೆ ಮರಳಲ್ಲಿ ಕಾದ ದೋಣಿ ರಂಪಣಿ ಬಲೆ ಬಿಡುತ್ತಾ ಹೊರಡುತ್ತದೆ. ಕೈ ಇಳಿಸಿದರೆ ಮೀನನ್ನು ಸುತ್ತುವರಿದು ದಡಕ್ಕೆ ತಿರುಗುತ್ತದೆ. ನೋಟಗಾರ ಕೂತಿರುವಾಗ ಬೇರೆಯವರು ಕೈ ಎತ್ತುವ ಹಾಗಿಲ್ಲ, ಕೂಗುವ ಹಾಗೂ ಇಲ್ಲ. ಹಾಗೆ ಮಾಡಿದರೆ ಅವನಿಗೆ ಕಣ್ಣಿಲ್ಲ ಎಂದು ಊರಿಗೆಲ್ಲ ಡಂಗುರ ಸಾರಿದಂತೆ. ಹಿರಿಯರನ್ನು ಹಾಗೆ ಅವಮಾನಿಸಿದವರನ್ನು ನಮ್ಮ ಅಜ್ಜಿಯಂದಿರು ಏನು ಮಾಡುತ್ತಾರೆ ಎಂಬುದನ್ನು ಇಲ್ಲಿ ಬರೆಯದಿರುವುದೇ ಕ್ಷೇಮ.

ನೆರಳು ಪರ್ಸಿಯ ಮುಖದ ನೇರಕ್ಕೇ ಬರುತ್ತಿತ್ತು. ಅವನು ಅಲ್ಲಾಡಲಿಲ್ಲ.

ಮಾವನಿಗೆ ಅದು ಕಾಣುತ್ತಿಲ್ಲ ಎಂದು ವಿಲ್ಮಾಳಿಗೆ ಹೊಳೆಯಿತು. ಹೋದ ವರ್ಷ ಎರಡು ದಂಡು ಹೀಗೇ ತಪ್ಪಿಹೋಗಿದ್ದವು. ಮಾವ ಬಿಸಿಲಿನ ಝಳಕ್ಕೆ ಬೈದಿದ್ದ, ದೋಣಿಯವರು ತುಟಿಪಿಟಕ್ ಎನ್ನದೆ ಬಲೆ ಸುತ್ತಿಟ್ಟಿದ್ದರು. ಇದೂ ತಪ್ಪಿದರೆ ಊರಿಗೆ ಚಳಿಗಾಲದ ಮೀನಿಲ್ಲ, ಮಾವನಿಗೆ ಈ ಬಂಡೆಯೂ ಇಲ್ಲ. ಯಾರೂ ಅವನನ್ನು ಏಳು ಎನ್ನುವುದಿಲ್ಲ. ನಾಳೆಯಿಂದ ಅವನೇ ಮನೆಯ ಹೊಸಿಲು ದಾಟುವುದಿಲ್ಲ, ಅಷ್ಟೆ.

"ಅಲ್ಲೇನೋ ಇದೆ!" ಪ್ರವಾಸಿಗರಲ್ಲಿ ಗೋರ್ಡನ್ ಎಂಬ ನಿವೃತ್ತ ಮೇಷ್ಟ್ರು ಬೈನಾಕ್ಯುಲರ್ ಇಳಿಸಿ, ಟೋಪಿ ತೆಗೆದು ಬೀಸಲು ಹೊರಟರು. "ದೋಣಿಯವರನ್ನ ಕರೀಲಾ?"

ವಿಲ್ಮಾ ಅವರ ಮಣಿಕಟ್ಟು ಹಿಡಿದು ಕೆಳಗೆಳೆದಳು. "ಇಲ್ಲಿ ಕೈ ಎತ್ತೋರು ಒಬ್ಬರೇ, ಮೇಷ್ಟ್ರೇ. ನೀವು ಟೋಪಿ ಹಾಕ್ಕೊಳ್ಳಿ, ನೆತ್ತಿ ಸುಡುತ್ತೆ."

ಆಮೇಲೆ ದನಿ ಏರಿಸಿದಳು. ಒಂಬತ್ತು ಜನಕ್ಕೆ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ.

"ಎಲ್ಲರೂ ಇತ್ತ ಬನ್ನಿ, ಸೊಪ್ಪು ಎಲ್ಲೂ ಓಡಿಹೋಗಲ್ಲ! ನಮ್ಮ ಮಾವ ಮೀನು ಹೇಗೆ ಹಿಡಿಸ್ತಾರೆ ಅಂತ ಹೇಳ್ಕೊಡ್ತೀನಿ. ಮೋಡ ಇಲ್ದೆ ನೆರಳು ಬಿದ್ರೆ ಅದು ಮೀನು. ಈಗ ಅದು, ಅಗೋ, ನೀರಲ್ಲಿ ನಿಂತಿರೋ ಆ ಮುರುಕು ಬಂಡೆಗಿಂತ ತೆಂಕಲಲ್ಲಿದೆ. ತೆರೆಯಿಂದಾಚೆ ಮೂವತ್ತು ಮಾರು. ನಿಧಾನಕ್ಕೆ ಬರ್ತಿದೆ!"

ಪರ್ಸಿಯ ಬೆನ್ನು ನೆಟ್ಟಗಾಯಿತು. ತಲೆ ಓರೆಯಾಗಿ ಒಂದು ಕಿವಿ ಗುಡ್ಡದ ಕಡೆ ತಿರುಗಿತು. ಕೈ ಮಾತ್ರ ತೊಡೆಯ ಮೇಲೇ ಇತ್ತು.

"ಎತ್ತಲೇ ಇಲ್ಲವಲ್ಲ?" ಎಂದರು ಮೇಷ್ಟ್ರು.

"ಯಾವಾಗ ಎತ್ತಬೇಕು ಅಂತ ಅವರಿಗೆ ಗೊತ್ತು." ವಿಲ್ಮಾ ದನಿಯನ್ನು ಇನ್ನಷ್ಟು ಏರಿಸಿದಳು. "ದಂಡಿನ ತಲೆ ಮುರುಕು ಬಂಡೆ ದಾಟ್ಬೇಕು. ದಾಟ್ತಿದೆ... ದಾಟ್ತಿದೆ... ಹಾಂ, ದಾಟ್ತು!"

ಬಲಗೈ ಮೇಲೆದ್ದಿತು. ದೋಣಿ ಮರಳಿನಿಂದ ಜಾರಿತು. ಅವಳು ಪಾಠ ನಿಲ್ಲಿಸಲಿಲ್ಲ. ದಂಡು ಎತ್ತ ಓರೆಯಾಯಿತು, ಬಾಲ ಎಲ್ಲಿದೆ, ದೋಣಿ ಎಷ್ಟು ದೂರ ಹೋಯಿತು, ಎಲ್ಲವನ್ನೂ ಗಂಟಲು ಹರಿಯುವಂತೆ ವಿವರಿಸಿದಳು. "ಬಾಲವೂ ಒಳಗೆ ಬಂತು" ಎನ್ನುವಷ್ಟರಲ್ಲಿ ಮುದುಕನ ಕೈ ಇಳಿದಾಗಿತ್ತು. ನಲವತ್ತು ವರ್ಷದ ಕಸುಬಿಗೆ ಅಷ್ಟು ಸುಳಿವು ಸಾಕು. ಪ್ರವಾಸಿಗರು ಕೆಳಗೋಡಿ ಹಗ್ಗಕ್ಕೆ ಕೈ ಹಾಕಿದರು, ಮೇಷ್ಟ್ರು ಎರಡು ಸಲ ಮಗುಚಿಬಿದ್ದರು. ಬಲೆ ಬಂದಾಗ ಇಡೀ ದಡ ಪಟಪಟ ಒದ್ದಾಡುತ್ತಿತ್ತು.

ಪರ್ಸಿ ಕೋಲೂರಿಕೊಂಡು ಕೆಳಗೆ ಬಂದ. ಮೇಷ್ಟ್ರು ಅವನ ಕೈ ಹಿಡಿದು ಕುಲುಕಿದ್ದೇ ಕುಲುಕಿದ್ದು. "ಬೈನಾಕ್ಯುಲರ್ ಇದ್ದೂ ನನಗೆ ಅದು ಮೀನು ಅಂತ ತಿಳೀಲಿಲ್ಲ. ಈ ವಯಸ್ಸಲ್ಲಿ ಎಂಥಾ ಕಣ್ಣು ನಿಮ್ಮದು!"

"ಹೌದು, ಭಾರಿ ಚುರುಕು," ಎಂದ ಪರ್ಸಿ.

ನಮ್ಮ ದಡದಲ್ಲಿ ಮೊದಲ ಬುಟ್ಟಿ ನೋಟಗಾರನಿಗೆ. ದೋಣಿಯವರು ಅದನ್ನು ಹೊತ್ತು ತಂದು ಅವನ ಮುಂದಿಟ್ಟರು. ಪರ್ಸಿ ಕೋಲಿನಿಂದ ತಡವಿ ಬುಟ್ಟಿಯ ಅಂಚು ಹುಡುಕಿ, ಊರಿಗೆ ಊರೇ ಕೇಳುವಂತೆ ಹೇಳಿದ: "ಇದನ್ನ ವಿಲ್ಮಾನ ಮುಂದಿಡ್ರೋ. ನೋಡಿದೋಳು ಅವಳು."

ದೋಣಿಯವರು ಬುಟ್ಟಿ ಎತ್ತಿ ವಿಲ್ಮಾಳ ಮುಂದಿಟ್ಟರು.

"ಮಾವ, ನಾನು ಇವರಿಗೆ ಪಾಠ..."

"ಕೇಳ್ದೆ ಕಣೇ! ತಿಮಿಂಗಿಲಕ್ಕೂ ಕೇಳೋ ಹಾಗೆ ಅರಚ್ತಿದ್ದೆ, ಮೀನು ಹೆದರಿ ಓಡದೇ ಇದ್ದದ್ದೇ ಪುಣ್ಯ." ಮುದುಕ ನಕ್ಕ. "ಹೋದ ವರ್ಷದಿಂದ ಬಂಡೆ ಮೇಲೆ ಕೂತು ಬರೀ ಬಿಸಿಲು ಕಾಯಿಸ್ತಿದ್ದೆ. ಹೇಳೋಕೆ ನಾಚಿಕೆ ಆಗ್ತಿತ್ತು. ಈಗ ಆಗ್ತಿಲ್ಲ. ನಾಳೆಯಿಂದ ನೀನು ಕೂತ್ಕೋ."

ವಿಲ್ಮಾಳಿಗೆ ಹೆಮ್ಮೆಯೆನಿಸಿತು. ತನ್ನ ಬಗ್ಗೆ ಒಂದಿಷ್ಟು, ಮಾವನ ಬಗ್ಗೆ ಬೆಟ್ಟದಷ್ಟು. "ಮತ್ತೆ ಈ ಜನರನ್ನ ಯಾರು ಸುತ್ತಿಸ್ತಾರೆ?" ಎಂದಳು.

ಪರ್ಸಿ ಬಗ್ಗಿ ಮರಳದಿಬ್ಬದ ಗಿಡಗಳ ಮೇಲೆ ಕೈಯಾಡಿಸಿದ. ಒಂದೆಲೆ ಕಿತ್ತು ಹಿಸುಕಿ ಮೂಸಿ, ತಲೆ ಅಲ್ಲಾಡಿಸಿ ಎಸೆದ. ಇನ್ನೊಂದು ಕಿತ್ತು ಮೂಸಿ, ಮೇಷ್ಟ್ರ ದನಿ ಬಂದ ಕಡೆ ಚಾಚಿದ.

"ಅಗೀರಿ. ಮೀನಿನ ಜೊತೆ ಇದನ್ನ ಬೇಯಿಸಿದ್ರೆ ಉಪ್ಪೇ ಬೇಡ. ಇದಕ್ಕೆಲ್ಲ ಕಣ್ಣು ಯಾಕೆ? ಮೂಗು ಸಾಕು. ನಡೀರಿ, ಮುಂದಿನದು ತೋರಿಸ್ತೀನಿ."

ಅವನು ಕೋಲೂರಿ ದಿಬ್ಬ ಹತ್ತಿದ. ಕಣ್ಣಿದ್ದ ಒಂಬತ್ತು ಜನ, ಅವನು ಹೆಜ್ಜೆಯಿಟ್ಟಲ್ಲೇ ಹೆಜ್ಜೆಯಿಡುತ್ತಾ, ಸಾಲಾಗಿ ಹಿಂದೆ ನಡೆದರು.