ಕಾಗೆಗೆ ತಕ್ಕ ಗುಂಡು

ಕಾಗೆ ಮತ್ತೆ ಎರಡು ಹೆಜ್ಜೆ ಮುಂದೆ ಬಂತು. ಇಥೆಲ್ ಉಸಿರು ಬಿಗಿಹಿಡಿದ.

ಮೊದಲು ಅದು ಕಲ್ಲುಗೋಡೆಯ ಆ ತುದಿಯಲ್ಲಿತ್ತು. ಈಗ ನಡುಭಾಗಕ್ಕೆ ಬಂದಿದೆ. ಹಾರಿ ಬಂದಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಇದು ನಡೆದುಕೊಂಡು ಬರುತ್ತಿತ್ತು, ಹೊಲ ನೋಡಲು ಬಂದ ಯಜಮಾನನ ಹಾಗೆ. ಇಷ್ಟು ದೂರದಿಂದ ಏರ್‌ಗನ್ನಿನಲ್ಲಿ ಕಾಗೆ ಉರುಳಿಸಬಲ್ಲವನು ಈ ಕಣಿವೆಯಲ್ಲಿ ಇಥೆಲ್ ಒಬ್ಬನೇ ಎಂದು ಊರೆಲ್ಲ ಹೊಗಳುತ್ತಿತ್ತು. ಹೊಗಳಿಕೆಗೆ ಕಾಗೆ ಉರುಳುತ್ತದೆಯೇ?

ಈ ಕಾಗೆಗಳ ಗುಣ ವೇಲ್ಸ್ ಬೆಟ್ಟಗಳಲ್ಲಿ ಕುರಿ ಸಾಕುವ ಎಲ್ಲರಿಗೂ ಗೊತ್ತು. ಓಡಾಡುವ ಕುರಿಯ ತಂಟೆಗೆ ಅವು ಹೋಗುವುದಿಲ್ಲ. ಆಗಷ್ಟೇ ಹುಟ್ಟಿ ಕಾಲೂರಲು ಬಾರದ ಮರಿ, ಅಂಗಾತ ಬಿದ್ದು ಏಳಲಾಗದ ತಾಯಿಕುರಿ, ಅಂಥವನ್ನೇ ಹುಡುಕುತ್ತವೆ. ಕಾಯುತ್ತವೆ. ಮೊದಲು ಕಣ್ಣು ಕೀಳುತ್ತವೆ. ಮೊನ್ನೆ ಅಂಥದೊಂದು ಮರಿಯನ್ನು ಇಥೆಲ್‌ನ ಹೆಂಡತಿ ನೆರಿಸ್ ಮಡಿಲಲ್ಲಿಟ್ಟುಕೊಂಡು ಅತ್ತಿದ್ದಳು. ಅದು ಇನ್ನೂ ಉಸಿರಾಡುತ್ತಿತ್ತು.

ಬೆಳಿಗ್ಗೆ ಅವನು ಅಡುಗೆಮನೆಯ ಮೇಜಿನ ತುಂಬ ಸೀಸದ ಗುಂಡುಗಳ ಡಬ್ಬಿ ಹರಡಿಕೊಂಡು ಕೂತಾಗ ಅವಳೇ ಕೆಣಕಿದ್ದಳು.

"ನನ್ನ ಆರಿಸೋವಾಗ ಇಷ್ಟು ಹೊತ್ತು ತಗೊಂಡಿದ್ಯಾ, ಮಾರಾಯ?"

"ನೀನೇ ಅಲ್ವೇನೇ ನನ್ನ ಆರಿಸಿದ್ದು? ನನಗೆಲ್ಲಿ ಪುರುಸೊತ್ತು ಕೊಟ್ಟೆ? ಇಲ್ನೋಡು. ಈ ಚೂಪು ಮೂತಿದು ನೋಡೋಕಷ್ಟೇ ಚೆಂದ, ದೂರ ಹೋದ್ರೆ ದಿಕ್ಕು ತಪ್ಪುತ್ತೆ. ಈ ಹಗುರದ್ದು ಗಾಳಿ ಕರೆದ ಕಡೆ ಹೋಗುತ್ತೆ. ಈ ದುಂಡು ತಲೆದು, ಭಾರದ್ದು ಇದ್ಯಲ್ಲ, ಇದೊಂದೇ ನನ್ನ ಬಂದೂಕಿಗೆ ಒಗ್ಗೋದು."

"ಸರಿ, ಫೋನ್ ತಗೊಂಡ್ಯಾ?"

"ಬೇಡ. ಗುಂಯ್ ಅಂದ್ರೆ ಸಾಕು, ಆ ಕಳ್ಳ ಹಾರಿಹೋಗ್ತಾನೆ. ನೀನೂ ಮೇಲೆ ಬರಬೇಡ, ಕೂಗಬೇಡ, ನಾಯಿ ಬಿಡಬೇಡ."

"ಸತ್ತರೂ ಕರೀಬಾರ್ದಾ?"

"ಹೊಡೆದಾದ ಮೇಲೆ ನಾನೇ ಬರ್ತೀನಿ ಬಿಡು."

"ಕಾವ್ಲ್ ಸಾರು ಆರಿಹೋದ್ರೆ ಮತ್ತೆ ಬಿಸಿ ಮಾಡಲ್ಲ, ಈಗಲೇ ಹೇಳಿದೀನಿ" ಎಂದು ಅವಳು ಸಾರಿನ ಪಾತ್ರೆ ಒಲೆಗೇರಿಸಿದ್ದಳು.

ಕಾಗೆಗೆ ನಡೆದು ಬರುವ ಮನುಷ್ಯನ ಭಯ, ಗಾಡಿಯ ಭಯವಿಲ್ಲ. ಅದಕ್ಕೇ ಇಥೆಲ್ ಯಾವಾಗಲೂ ನಾಲ್ಕು ಚಕ್ರದ ಬೈಕಿನಲ್ಲಿ ಮೇಲೆ ಬಂದು, ಮುಳ್ಳುಪೊದೆಗಳ ನಡುವೆ ಅದನ್ನು ನುಗ್ಗಿಸಿ, ಅದರ ಮಗ್ಗುಲಲ್ಲೇ ಬೋರಲು ಮಲಗಿ ಕಾಯುತ್ತಿದ್ದ. ಇವತ್ತೂ ಪೊದೆಗಳ ನಡುವೆ ಬೋರಲಾಗಿದ್ದ. ಆದರೆ ಆರಿಸಿ ತಂದ ಗುಂಡುಗಳ ಡಬ್ಬಿ ಇಳಿಜಾರಿನಲ್ಲಿ ಉರುಳಿ ಹೋಗಿ, ಕೈಗೆ ಎಟುಕದಷ್ಟು ದೂರದಲ್ಲಿ ಹುಲ್ಲಿನ ಮೇಲೆ ಹೊಳೆಯುತ್ತಿತ್ತು. ಎದ್ದು ಹೋಗಿ ತರುವ ಹಾಗಿರಲಿಲ್ಲ.

ಜೇಬಿನಲ್ಲಿ ಸಿಕ್ಕಿದ್ದು ಹಳೆಯ ಕಲಬೆರಕೆ. ಅಂಗೈ ಮೇಲೆ ಹರಡಿಕೊಂಡು ಉಗುರಿನಿಂದ ಒಂದೊಂದನ್ನೇ ಹೊರಳಿಸಿದ. ಗುಂಡಿನ ಹಿಂಬದಿಯ ತೆಳು ಅಂಚು ಚೂರು ನಜ್ಜಿದ್ದರೂ ಅದು ಕುಡುಕನಂತೆ ಓಲಾಡಿಕೊಂಡು ಹೋಗುತ್ತದೆ. ಸಿಕ್ಕಿದವೆಲ್ಲ ನಜ್ಜಿದಂಥವೇ. ಚೆನ್ನಾಗಿದ್ದ ಹಗುರದ್ದೊಂದನ್ನು ಆಗಲೇ ಹೊಡೆದು ನೋಡಿದ್ದ. ಅಡ್ಡಗಾಳಿ ಅದನ್ನು ತಳ್ಳಿಕೊಂಡು ಹೋಗಿ ಕಲ್ಲಿಗೆ ಬಡಿದಿತ್ತು. ಕಾಗೆ ಹಾರಲಿಲ್ಲ. ತಲೆ ವಾರೆ ಮಾಡಿ ಅವನನ್ನೇ ನೋಡಿತು.

ಆಗ ಅವನಿಗೆ ನಿಜವಾದ ಭಯ ಹತ್ತಿತು. ಬಂದೂಕಿಗೆ ಹೆದರದ ಕಾಗೆಯನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಗಾಳಿ ಕೆಳಗಿನ ಮನೆಯ ಕಡೆಯಿಂದ ಮೇಲಕ್ಕೆ ಬೀಸುತ್ತಲೇ ಇತ್ತು. ಅವನ ಗಂಟಲು ಕಟ್ಟಿಹೋಗಿತ್ತು. ಕಾಲುಗಳು ಜೋಮು ಹಿಡಿದು ಯಾರದೋ ಕಾಲು ಎನಿಸುತ್ತಿದ್ದವು. ಕಣ್ಣು ಎಳೆಯುತ್ತಿತ್ತು. ನಿದ್ದೆ ಬಂದರೆ ಕೆಲಸ ಕೆಟ್ಟಿತು. ಕಾಗೆ ಬೆನ್ನ ಹಿಂದೆ ಹೋದರೂ ಕೆಟ್ಟಿತು. ಆ ಕಡೆಗೆ ಬಂದೂಕು ತಿರುಗಿಸಲು ಬರುತ್ತಿರಲಿಲ್ಲ.

ಕೆಳಗೆ ಮನೆಯ ಬಾಗಿಲು ತೆರೆಯಿತು. ನೆರಿಸ್ ಅಂಗಳಕ್ಕೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ಬೆಟ್ಟದ ಕಡೆ ನೋಡಿದಳು. ಇಥೆಲ್ ಕೈ ಎತ್ತಿದ. ಆ ಮನೆಯಲ್ಲಿ ಎತ್ತಿದ ಕೈಗೆ ಇದ್ದದ್ದು ಒಂದೇ ಅರ್ಥ: ಕಾಗೆ ಕೂತಿದೆ, ಸದ್ದು ಬೇಡ. ಬೊಗಳಲು ಹೊರಟ ನಾಯಿಯ ಕೊರಳಪಟ್ಟಿ ಹಿಡಿದು ಅವಳು ಒಳಗೆಳೆದುಕೊಂಡಳು. ಬಾಗಿಲನ್ನು ಎಷ್ಟು ಮೆಲ್ಲಗೆ ಮುಚ್ಚಿದಳೆಂದರೆ ಸದ್ದೇ ಕೇಳಿಸಲಿಲ್ಲ.

"ನೆರಿಸ್" ಎಂದ ಇಥೆಲ್. ಬರೀ ಉಸಿರು ಬಂತು.

ಕಾಗೆ ಗೋಡೆಯಿಂದ ಹುಲ್ಲಿಗೆ ಇಳಿಯಿತು.

ಇನ್ನು ಕಾಯುವಂತಿರಲಿಲ್ಲ. ಜೇಬಿನ ಹೊಲಿಗೆಯ ಮೂಲೆಗೆ ಬೆರಳು ತೂರಿಸಿದ. ಒಂದು ಸಿಕ್ಕಿತು. ದುಂಡು ತಲೆ, ಭಾರದ್ದು. ಅಂಚನ್ನು ಉಗುರಿನಿಂದ ಸುತ್ತ ಸವರಿ ನೋಡಿದ, ಎಲ್ಲೂ ಸೊಟ್ಟಗಿರಲಿಲ್ಲ. ನಾಲಗೆಯಿಂದ ಧೂಳು ತೆಗೆದು ತುಂಬಿದ. ಗಾಳಿ ತಳ್ಳುವಷ್ಟು ಪಕ್ಕಕ್ಕೆ, ಕಾಗೆಯ ಕೊಕ್ಕಿನಿಂದ ಎರಡು ಬೆರಳು ಆಚೆಗೆ ಗುರಿ ಹಿಡಿದ. ಹುಲ್ಲು ಬಾಗುವುದು ನಿಲ್ಲುವವರೆಗೆ ತಾಳಿದ. ಬಂದೂಕಿನ ಕುದುರೆ ಒತ್ತಿದ.

ಕಾಗೆ ಒಂದು ಸಲ ರೆಕ್ಕೆ ಬಡಿದು ಮಗ್ಗುಲಿಗೆ ಬಿತ್ತು.

ಇಥೆಲ್ ಹುಲ್ಲಿಗೆ ಮುಖ ಒತ್ತಿ ಮಗುವಿನಂತೆ ಅತ್ತ. ತಲೆ ಎತ್ತಿದಾಗ ಗೋಡೆಯ ಮೇಲೆ ಇನ್ನೆರಡು ಬಂದು ಕೂತಿದ್ದವು. ಅಂಗೈಯಲ್ಲಿ ಉಳಿದಿದ್ದು ನಜ್ಜಿದ ಗುಂಡುಗಳು ಮಾತ್ರ.

ಅವನು ಬಂದೂಕು ಬಿಟ್ಟು, ಎರಡೂ ಕೈಗಳಿಂದ ಹುಲ್ಲಿನ ಬುಡ ಹಿಡಿದು ಮತ್ತೊಮ್ಮೆ ಮುಂದಕ್ಕೆ ಎಳೆದುಕೊಂಡು ನೋಡಿದ. ಬೆಳಿಗ್ಗೆ ಮಗುಚಿಕೊಂಡು ಅವನ ಸೊಂಟದ ಮೇಲೆ ಬಿದ್ದಿದ್ದ ಬೈಕು ಕೂದಲೆಳೆಯಷ್ಟೂ ಅಲುಗಲಿಲ್ಲ.