ಕಣ್ಣಿಗೆ ಬೀಳದ ಮೂಗುಬೊಟ್ಟು

ಅಂಗಡಿಯವರು ವಾರಿಜಾಳ ಮುಂದೆ ಎರಡು ವಜ್ರದ ಮೂಗುಬೊಟ್ಟುಗಳನ್ನಿಟ್ಟರು. ತೂಕವೂ ಒಂದೇ, ಬೆಲೆಯೂ ಒಂದೇ.

"ಇದರ ಕಲ್ಲು ತೆಳು, ಅದಕ್ಕೇ ಅಗಲವಾಗಿ ಕಾಣುತ್ತೆ. ಎಲ್ರೂ ಇದನ್ನೇ ತಗೊಳ್ಳೋದು. ಅದರ ಕಲ್ಲು ಆಳ. ತೂಕವೆಲ್ಲ ಕೆಳಗೆ ಅಡಗಿ ಚಿಕ್ಕದಾಗಿ ಕಾಣುತ್ತೆ. ಆದ್ರೆ ಹೊಳಪು ನೋಡಿ!"

"ಚಿಕ್ಕದಾಗಿ ಕಾಣೋದನ್ನೇ ಕೊಡಿ," ಎಂದಳು ವಾರಿಜಾ.

ಅಂಗಡಿಯವರು ಬೆರಗಾದರು. ಅತ್ತೆಯ ಕಣ್ಣಿನ ವಿಷಯ ಅವರಿಗೇನು ಗೊತ್ತು! ಮಗಳು ತವರಿಗೆ ಬಂದಾಗಲೆಲ್ಲ ಸೊಸೆಯ ಮೈಮೇಲೆ ಎದ್ದು ಕಾಣುವ ಒಡವೆಯೊಂದು ಆ ಮಗಳ ಪಾಲಾಗುತ್ತಿತ್ತು. ಓಲೆ ಹೋಗಿತ್ತು, ಉಂಗುರವೂ ಹೋಗಿತ್ತು. ಇದಾದರೂ ಉಳಿಯಲಿ ಎಂದುಕೊಂಡಳು.

ಗೌರಿ ಹಬ್ಬಕ್ಕೆ ನಾದಿನಿ ತನ್ನ ಪುಟ್ಟ ಮಗಳನ್ನೆತ್ತಿಕೊಂಡು ಬಂದಳು. ಅತ್ತೆ ಕನ್ನಡಕ ಏರಿಸಿ ಸೊಸೆಯ ಮೂಗನ್ನೇ ದಿಟ್ಟಿಸಿದರು.

"ಇಷ್ಟೇನೇ ವಜ್ರ? ಸಾಸಿವೆ ಕಾಳಿನಷ್ಟಿದೆಯಲ್ಲೇ!"

"ಹೂಂ ಅತ್ತೆ, ತೀರಾ ಚಿಕ್ಕದು," ಎಂದು ವಾರಿಜಾ ಒಳಗೊಳಗೇ ನಕ್ಕಳು.

"ಒಳ್ಳೇದೇ ಆಯ್ತು, ಬಿಚ್ಚು. ನಾಳೆ ಪುಟ್ಟೀಗೆ ಮೂಗು ಚುಚ್ಚಿಸ್ತಿದೀವಿ, ಅವಳಿಗೇ ಅಂತ ಅಳತೆ ಕೊಟ್ಟು ಮಾಡಿಸಿದ ಹಾಗಿದೆ."