ಹೊರಗಿನ ಉಂಡೆ

ಕರಟ ಬಿರಿದು, ಒಂದು ಗೀರೂ ಇಲ್ಲದ ಉಂಡೆ ಕೊಬ್ಬರಿ ರೂಪಾಲಿಯ ಅಂಗೈಗೆ ಬಂತು. ಅಸ್ಸಾಮಿನಿಂದ ಕೆಲಸ ಕೇಳಿ ಬಂದವರ ಪೈಕಿ, ಉಂಡೆ ಒಡೆಯದಂತೆ ಬಿಡಿಸುವ ಈ ಪರೀಕ್ಷೆಯಲ್ಲಿ ಗೆದ್ದವಳು ಅವಳೊಬ್ಬಳೇ.

"ನಾಳೆಯಿಂದ ಬಾರಮ್ಮ," ಎಂದರು ಬಿಳಿಗೆರೆಯ ಕೊಬ್ಬರಿ ವ್ಯಾಪಾರಿ ಹಾಲಸ್ವಾಮಿ. "ಹೊರಗಿನೋರಿಗೆ ಅರ್ಧ ಕೂಲಿ, ಈಗ್ಲೇ ಹೇಳ್ಬುಡ್ತೀನಿ."

ಅಲ್ಲಿ ಕೊಬ್ಬರಿ ಬಿಡಿಸುವವರಲ್ಲೇ ಹಿರಿಯಳಾದ ದೇವೀರಮ್ಮ ಮಚ್ಚು ಕೆಳಗಿಟ್ಟಳು. ಅಗ್ಗದ ಕೈ ಸಿಕ್ಕಮೇಲೆ ತನ್ನ ಕೂಲಿ ಎಷ್ಟು ದಿನ ಉಳಿದೀತು? ರೂಪಾಲಿಯ ಉಂಡೆಯನ್ನೂ ತನ್ನದನ್ನೂ ಸೆರಗಿನೊಳಗೆ ಅದಲುಬದಲು ಮಾಡಿ, ಎರಡನ್ನೂ ಹಾಲಸ್ವಾಮಿಯ ಮುಂದೆ ಹಿಡಿದಳು.

"ಹೊರಗಿನೋಳು ಬಿಡಿಸಿದ್ದು ಯಾವ್ದು, ಆರಿಸ್ರೀ ಯಜಮಾನ್ರೇ. ಅದನ್ನ ಮಾತ್ರ ಅರ್ಧ ರೇಟಿಗೇ ಮಾರ್ಬೇಕು ಕಣ್ರೀ!"

ಹಿಂದಿದ್ದ ಹೆಂಗಸರೂ ಮಚ್ಚು ಕೆಳಗಿಟ್ಟರು. ಹಾಲಸ್ವಾಮಿ ಕೈ ಚಾಚಿದರು. ಎರಡು ಉಂಡೆಗಳ ನಡುವೆ ಅದು ಹಾಗೇ ನಿಂತುಬಿಟ್ಟಿತು.